ಎರಡು ಲೀಟರಿನ ಟಿಲ್ಟಿಂಗ್ ಗ್ರೈಂಡರ್: ಅರೆಯುವುದು ಮಿಷನ್ನು, ಉಳಿದದ್ದು ಯಾರು?

ಗ್ರೈಂಡರ್ ತೆಗೆದುಕೊಳ್ಳುವ ಮೊದಲು ಆನ್‌ಲೈನಿನಲ್ಲಿ ರಿವ್ಯೂ ಓದಿದೆ. ಐದು ಸ್ಟಾರ್ ಕೊಟ್ಟವರಲ್ಲಿ ಜಾಸ್ತಿ ಮಂದಿ ಗಂಡಸರು. ಹೆಂಡತಿಗೆ ಖುಷಿಯಾಗಿದೆಯಂತೆ. ಅಮ್ಮನಿಗೆ ಗಿಫ್ಟ್ ಕೊಟ್ಟರಂತೆ, ಪ್ಯಾಕಿಂಗ್ ಗಟ್ಟಿ ಇತ್ತಂತೆ. ಡೆಲಿವರಿ ಹೇಳಿದ ದಿನವೇ ಬಂತಂತೆ. ಆ ಖುಷಿಯಾದ ಹೆಂಡತಿ ಮಾತ್ರ ಎಲ್ಲಿಯೂ ಒಂದು ಸಾಲು ಬರೆದಿರಲಿಲ್ಲ. ಡ್ರಮ್ ತೊಳೆಯಲಿಕ್ಕೆ ಎಷ್ಟು ಹೊತ್ತು ಬೇಕು, ಕಲ್ಲು ಎಷ್ಟು ಭಾರ, ಹಿಟ್ಟು ತೆಗೆಯುವಾಗ ಕೈ ಎಲ್ಲಿಯವರೆಗೆ ಎತ್ತಬೇಕು, ಇದನ್ನು ಯಾರೂ ಹೇಳಿರಲಿಲ್ಲ.

ಹಾಗಾಗಿ ಇದು ಬಳಸುವವಳ ರಿವ್ಯೂ. ನಾನು ಉಡುಪಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಮೋಟಾರು ಬಿಚ್ಚಿಸುವುದು, ಜೋಡಿಸುವುದು, ಮೀಟರ್ ಓದಲು ಕಲಿಸುವುದು ನನ್ನ ದಿನದ ಕೆಲಸ. ಮನೆ ಅಂಬಲಪಾಡಿ ಹತ್ತಿರ. ಅತ್ತೆ, ಇವರು, ಕಾಲೇಜಿಗೆ ಹೋಗುವ ಮಗ, ನಾನು. ಮಂಗಳೂರಿನಲ್ಲಿ ಸಮಾಜಶಾಸ್ತ್ರ ಕಲಿಸುವ ತಂಗಿ ಒಬ್ಬಳಿದ್ದಾಳೆ. ಮುಂದೆ ಬರುವ ಪುಸ್ತಕದ ಮಾತೆಲ್ಲ ಅವಳ ಕಪಾಟಿನಿಂದ ಬಂದದ್ದು. ತಂತ್ರಜ್ಞಾನವನ್ನು ಸ್ತ್ರೀವಾದಿ ಕಣ್ಣಿನಿಂದ ನೋಡುವ ಪುಸ್ತಕಗಳು. ಅವಳು ಪಾಠಕ್ಕೆ ಓದುತ್ತಾಳೆ, ನಾನು ರಜೆಯಲ್ಲಿ ಹೋದಾಗ ಸುಮ್ನೆ ತಿರುವಿ ಹಾಕುತ್ತೇನೆ. ಆದರೆ ಅಲ್ಲಿ ಬರೆದದ್ದೆಲ್ಲ ನನ್ನ ಅಡುಗೆಕಟ್ಟೆಯ ಮೇಲೇ ಕೂತಿದೆ ಅಂತ ಗೊತ್ತಾದದ್ದು ಈ ಗ್ರೈಂಡರ್ ಬಂದ ಮೇಲೆ.

ಮೊದಲು ವಸ್ತುವಿನ ವಿಷಯ ಮುಗಿಸುತ್ತೇನೆ. ಎರಡು ಲೀಟರಿನ ಸ್ಟೀಲ್ ಡ್ರಮ್, ಮೂರು ಕೋನ್ ಆಕಾರದ ಕಲ್ಲು, 150 ವ್ಯಾಟ್ ಮೋಟಾರು, ಬೆಲ್ಟ್. ಅರೆದ ಮೇಲೆ ಡ್ರಮ್ ಎತ್ತುವುದು ಬೇಡ, ಒಂದು ಹಿಡಿ ಒತ್ತಿ ಬಗ್ಗಿಸಿದರೆ ಹಿಟ್ಟು ಪಾತ್ರೆಗೆ ಬೀಳುತ್ತದೆ. ಇಡೀ ಮಿಷನ್ನಿನ ಭಾರ ಸುಮಾರು 12 ಕಿಲೋ. ಒಂಬತ್ತು ಸಾವಿರಕ್ಕೆ ಸ್ವಲ್ಪ ಒಳಗೆ ಸಿಕ್ಕಿತು. ಕಂಪನಿ ಹೆಸರು ಬರೆಯುವುದಿಲ್ಲ. ಈ ಬಗೆಯ ಗ್ರೈಂಡರ್ ಮಾಡುವ ಕಂಪನಿಗಳು ಹಲವು ಇವೆ, ಬಣ್ಣ ಬೇರೆ, ಒಳಗೆ ಹೆಚ್ಚುಕಡಿಮೆ ಒಂದೇ.

ಅರೆಯುವ ವಿಷಯದಲ್ಲಿ ಒಂದು ಮಾತು ಆಡುವ ಹಾಗಿಲ್ಲ. ಒಂದು ಕುಡ್ತೆ ಉದ್ದಿನ ಬೇಳೆ ಹಾಕಿ ಆಗಾಗ ಸ್ವಲ್ಪ ಸ್ವಲ್ಪ ನೀರು ಬಿಟ್ಟುಕೊಂಡು ಅರ್ಧ ಗಂಟೆ ತಿರುಗಿಸಿದರೆ ಹಿಟ್ಟು ಉಬ್ಬಿ ಡ್ರಮ್ಮಿನ ಅರ್ಧಕ್ಕೆ ಬರುತ್ತದೆ. ಮಿಕ್ಸಿಯಲ್ಲಿ ಈ ಉಬ್ಬು ಬರುವುದಿಲ್ಲ. ಅದರ ಬ್ಲೇಡು ಜೋರಾಗಿ ತಿರುಗಿ ಹಿಟ್ಟನ್ನು ಬಿಸಿ ಮಾಡುತ್ತದೆ. ಕಲ್ಲು ನಿಧಾನ, ಒಳಗೆ ಗಾಳಿ ಸೇರಿಸುತ್ತಾ ಹೋಗುತ್ತದೆ. ಅತ್ತೆ ಪರೀಕ್ಷೆ ಮಾಡುವ ಕ್ರಮವೇ ಬೇರೆ. ಒಂದು ಲೋಟ ನೀರಿಗೆ ಚಿಟಿಕೆ ಹಿಟ್ಟು ಬಿಟ್ಟು ನೋಡುತ್ತಾರೆ. ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಉಂಟು. ಮಿಷನ್ನಿನ ಜೊತೆ ಬಂದ ಪುಸ್ತಕದಲ್ಲಿ ಉದ್ದಿಗೆ ಇಷ್ಟು ನಿಮಿಷ, ಅಕ್ಕಿಗೆ ಇಷ್ಟು ನಿಮಿಷ ಎಂದು ಒಂದು ಪಟ್ಟಿ ಇದೆ. ಹಳೆ ಉದ್ದೋ ಹೊಸ ಉದ್ದೋ, ಮೇ ತಿಂಗಳ ಸೆಕೆಯೋ ಆಷಾಢದ ಚಳಿಯೋ, ಪಟ್ಟಿಗೆ ಅದು ಬೇಡ. ಅತ್ತೆ ಒಮ್ಮೆ ಅದನ್ನು ಓದಿಸಿ ಕೇಳಿದರು. ‘ಇದನ್ನು ಬರೆದವರು ದೋಸೆ ತಿಂದದ್ದು ಮಾತ್ರ ಇರಬೇಕು’ ಎಂದರು.

ಕರೆಂಟಿನ ಖರ್ಚು ಲೆಕ್ಕಕ್ಕೇ ಇಲ್ಲ. ಮುಕ್ಕಾಲು ಗಂಟೆ ಓಡಿಸಿದರೂ 0.11 ಯೂನಿಟ್. ಡಬ್ಬಿಯ ಮೇಲೆ ವ್ಯಾಟ್, ವೋಲ್ಟ್, ಲೀಟರ್ ಎಲ್ಲ ದೊಡ್ಡದಾಗಿ ಅಚ್ಚಾಗಿದೆ. ನಿಜವಾಗಿ ಖರ್ಚಾಗುವುದು ಯಾವುದು ಅಂತ ನೋಡಿದರೆ ಅದು ಡಬ್ಬಿಯ ಮೇಲೆ ಇಲ್ಲ.

ತೊಳೆಯುವುದಕ್ಕೆ ಬರುತ್ತೇನೆ. ಡ್ರಮ್ ಬಗ್ಗಿಸಿದರೆ ಹಿಟ್ಟೆಲ್ಲ ಬೀಳುತ್ತದೆ ಎಂದು ಅಂಗಡಿಯವನು ನೀರು ಹಾಕಿ ತೋರಿಸಿದ. ನೀರು ಬೀಳುತ್ತದೆ, ಸರಿ. ಉದ್ದಿನ ಹಿಟ್ಟು ಬೀಳುವುದಿಲ್ಲ. ಮೂರು ಕಲ್ಲುಗಳ ಸಂದಿನಲ್ಲಿ, ಕಲ್ಲು ಕೂರಿಸಿದ ಹಿಡಿಕೆಯ ಅಡಿಯಲ್ಲಿ, ಒಳಗಿನ ಬಿಳಿ ಪ್ಲಾಸ್ಟಿಕ್ ಪಟ್ಟಿಯ ಹಿಂದೆ ಅಂಟಿಕೊಂಡು ಕೂರುತ್ತದೆ. ಕಲ್ಲಿನ ಸೆಟ್ ಬಿಚ್ಚಿ ಸಿಂಕಿಗೆ ಒಯ್ಯಬೇಕು. ತೂಕ ಮಾಡಿ ನೋಡಿದೆ, ಮೂರು ಕಿಲೋದ ಮೇಲೆ ಬಂತು. ಒದ್ದೆ ಕೈ, ಜಾರುವ ಹಿಟ್ಟು, ಹಿಡಿಯಲು ಒಂದು ಸರಿಯಾದ ಜಾಗ ಇಲ್ಲ. ಡ್ರಮ್ಮಿನ ನಡುವಿನ ಕಂಬದ ಬುಡದಲ್ಲಿ ಒಂದು ಸಣ್ಣ ತೋಡು ಇದೆ. ಬೆರಳು ಹೋಗುವುದಿಲ್ಲ, ಬ್ರಶ್ಶಿನ ಎಳೆ ಹೋದರೂ ತಿರುಗುವುದಿಲ್ಲ. ಅಲ್ಲಿ ಉಳಿದ ಹಿಟ್ಟು ಮರುದಿನ ಹುಳಿ ವಾಸನೆ ಹೊಡೆಯುತ್ತದೆ. ಮಳೆಗಾಲದಲ್ಲಿ ಕಪ್ಪು ಬೂಸ್ಟು ಕೂಡ. ನಾನು ಹಳೆ ಹಲ್ಲುಜ್ಜುವ ಬ್ರಶ್ಶಿನ ತಲೆಯನ್ನು ಅರ್ಧ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಬಿಚ್ಚಿ, ತೊಳೆದು, ಒರೆಸಿ, ಒಣಗಿಸಿ, ಮತ್ತೆ ಕೂರಿಸಲು ಕಾಲು ಗಂಟೆ ಬೇಕೇ ಬೇಕು. ಆ ತೋಡನ್ನು ಒಂದೆರಡು ಮಿಲಿಮೀಟರ್ ಅಗಲ ಮಾಡಿ ಅಂಚು ಗುಂಡಗೆ ಮಾಡಿದ್ದರೆ ಸಾಕಿತ್ತು. ಇದು ದೊಡ್ಡ ಎಂಜಿನಿಯರಿಂಗ್ ಏನಲ್ಲ. ಡಿಸೈನ್ ಮಾಡಿದವರು ಅರೆದು ನೋಡಿದ್ದಾರೆ, ತೊಳೆದು ನೋಡಿಲ್ಲ ಅಷ್ಟೇ.

ಎತ್ತರದ್ದು ಇನ್ನೊಂದು ಕತೆ. ನಮ್ಮ ಅಡುಗೆಕಟ್ಟೆ 34 ಇಂಚು. ಮೇಸ್ತ್ರಿ ಎಲ್ಲರ ಮನೆಗೂ ಅಷ್ಟೇ ಇಡುವುದು. ಅದರ ಮೇಲೆ ಗ್ರೈಂಡರ್ ಇಟ್ಟರೆ ಡ್ರಮ್ಮಿನ ಬಾಯಿ ನೆಲದಿಂದ 47 ಇಂಚಿಗೆ ಹೋಗುತ್ತದೆ. ನಾನು ನಾಲ್ಕು ಅಡಿ ಹನ್ನೊಂದು ಇಂಚು. ಅಂದರೆ ಡ್ರಮ್ಮಿನ ಬಾಯಿ ನನ್ನ ಹೆಗಲಿನ ಮಟ್ಟಕ್ಕೆ. ಹಿಟ್ಟು ಸವರಿ ತೆಗೆಯಬೇಕಾದರೆ ತುದಿಗಾಲಲ್ಲಿ ನಿಂತು ಮೊಣಕೈ ಎತ್ತಬೇಕು. ಅದಕ್ಕೆ ಟೇಬಲ್ ಟಾಪ್ ಅಂತ ಹೆಸರು. ಯಾರ ಟೇಬಲ್ಲೋ! ಅತ್ತೆ ಅದನ್ನು ನೆಲಕ್ಕೆ ಇಳಿಸಿ, ಗಿಡ್ಡ ಮಣೆ ಹಾಕಿ ಕೂತು ಅರೆದರು. ‘ಕಡೆಯುವ ಕಲ್ಲಿನ ಹಾಗೆ ಕೂತೇ ಮಾಡುವುದಾದರೆ ಒಂಬತ್ತು ಸಾವಿರ ಎಂತಕ್ಕೆ ಮಾರಾಯ್ತಿ?’

ಇದರಲ್ಲಿ ಅಮೆರಿಕದ ಲಿಲಿಯನ್ ಗಿಲ್‌ಬ್ರೆತ್ ಎಂಬ ಎಂಜಿನಿಯರಿನ ನೆನಪಾಗುತ್ತದೆ. ಹನ್ನೆರಡು ಮಕ್ಕಳ ತಾಯಿ. ಕಾರ್ಖಾನೆಯಲ್ಲಿ ಕೆಲಸಗಾರರ ಕೈಕಾಲು ಹೇಗೆ ಓಡುತ್ತದೆ ಎಂದು ಅಳೆಯುವುದು ಅವರ ಕಸುಬು. ಗಂಡ ತೀರಿಕೊಂಡ ಮೇಲೆ ಕಾರ್ಖಾನೆಗಳು ಹೆಂಗಸಿಗೆ ಕೆಲಸ ಕೊಡಲು ಹಿಂದೆಮುಂದೆ ನೋಡಿದವು. ಆಗ ಅವರು ಅದೇ ಅಳತೆಯನ್ನು ಅಡುಗೆಮನೆಗೆ ತಂದರು. ಸಾವಿರಾರು ಹೆಂಗಸರನ್ನು ಕೇಳಿ ಒಲೆ, ಸಿಂಕು ಎಷ್ಟು ಎತ್ತರ ಇರಬೇಕು ಎಂದು ನೋಡಿದರು. ಕಾಲಿನಲ್ಲಿ ಒತ್ತಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ, ಫ್ರಿಜ್ಜಿನ ಬಾಗಿಲ ಒಳಗಿನ ಶೆಲ್ಫು, ಇವಕ್ಕೆಲ್ಲ ಅವರ ಹೆಸರೇ ಹೇಳುತ್ತಾರೆ. ನಮ್ಮ ಗ್ರೈಂಡರ್ ಮಾಡಿದವರು ಐದು ಅಡಿಯ ಒಳಗಿನ ಒಬ್ಬಳನ್ನಾದರೂ ನಿಲ್ಲಿಸಿ ನೋಡಿದ್ದರೆ ಕಾಲುಗಳನ್ನು ಎರಡು ಇಂಚು ಕಡಿಮೆ ಮಾಡುತ್ತಿದ್ದರು.

ಅಂಗಡಿಯ ವಿಷಯ ಸ್ವಲ್ಪ ಹೇಳಬೇಕು. ಉಡುಪಿಯ ದೊಡ್ಡ ಶೋರೂಮೇ. ಒಳಗೆ ಹೋದ ಕೂಡಲೇ ಟಿವಿ, ಹೋಂ ಥಿಯೇಟರ್, ಎಸಿ, ತಣ್ಣಗೆ, ಕೂರಲು ಸೋಫಾ. ಮಿಕ್ಸಿ ಗ್ರೈಂಡರ್ ನೋಡಬೇಕಾದರೆ ಮೆಟ್ಟಿಲು ಇಳಿದು ಹಿಂದೆ ಹೋಗಬೇಕು. ನಾನು ಮೋಟಾರಿನ ವೈಂಡಿಂಗ್, ಅಂದರೆ ಒಳಗೆ ಸುತ್ತಿದ ತಂತಿ, ತಾಮ್ರದ್ದೋ ಅಲ್ಯೂಮಿನಿಯಮ್ಮಿನದ್ದೋ ಎಂದು ಕೇಳಿದೆ. ಹುಡುಗ ಇವರ ಮುಖ ನೋಡಿ ಉತ್ತರ ಕೊಟ್ಟ. ಬೆಲ್ಟ್ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದೆ, ಅದಕ್ಕೂ ಇವರ ಕಡೆಗೇ. ಇವರು ಬ್ಯಾಂಕಿನವರು, ಪ್ಲಗ್ ಹಾಕುವುದು ಬಿಟ್ಟರೆ ಬೇರೆ ಗೊತ್ತಿಲ್ಲ, ಪಾಪ ತಲೆ ಅಲ್ಲಾಡಿಸುತ್ತಾ ನಿಂತರು. ಕೊನೆಗೆ ನನ್ನ ಕಡೆ ತಿರುಗಿ, ‘ಮೇಡಂ, ಕಲರ್ ಯಾವುದು ಕೊಡಲಿ, ಚೆರ್ರಿ ರೆಡ್ಡಾ?’ ಎಂದ.

ತಂಗಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅವಳಿಗೆ ನಗು. ಬ್ರಿಟನ್ನಿನಲ್ಲಿ ಸಿಂಥಿಯಾ ಕಾಕ್‌ಬರ್ನ್ ಮತ್ತು ಸೂಸನ್ ಆರ್ಮ್‌ರಾಡ್ ಎಂಬಿಬ್ಬರು 1993ರಲ್ಲಿ ಇದರ ಮೇಲೆ ಪುಸ್ತಕವೇ ಬರೆದಿದ್ದಾರಂತೆ. ಒಂದೇ ಒಂದು ವಸ್ತು, ಮೈಕ್ರೋವೇವ್ ಒವನ್, ಅದನ್ನು ಹಿಡಿದುಕೊಂಡು ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಹೋದರು. ಮೈಕ್ರೋವೇವ್ ಹೊಸತರಲ್ಲಿ ಟಿವಿ, ಸ್ಟೀರಿಯೋ ಪಕ್ಕದಲ್ಲಿ ಮಾರಾಟಕ್ಕೆ ಇತ್ತು. ಆಗ ಅದು ಹೈಟೆಕ್, ಗಂಡಸರ ಆಟಿಕೆ. ಹಳತಾಗುತ್ತಾ ಬಂದ ಹಾಗೆ ಫ್ರಿಜ್ಜು, ವಾಷಿಂಗ್ ಮಿಷನ್ನಿನ ಸಾಲಿಗೆ ಇಳಿಯಿತು. ಡಿಸೈನ್ ಮಾಡುವ ಎಂಜಿನಿಯರುಗಳು ಗಂಡಸರು. ಅಡುಗೆ ಮಾಡಿ ಪರೀಕ್ಷೆ ಮಾಡುವವರು ಹೆಂಗಸರು. ಎಂಜಿನಿಯರಿನದ್ದು ಜ್ಞಾನ, ಅಡುಗೆಯವಳದ್ದು ಬರೀ ಅಭ್ಯಾಸ ಎಂದು ಲೆಕ್ಕ. ನಮ್ಮ ಶೋರೂಮಿನ ಮೆಟ್ಟಿಲು ಯಾಕೆ ಕೆಳಗೆ ಹೋಗುತ್ತದೆ ಅಂತ ಈಗ ಅರ್ಥ ಆಗುತ್ತದೆ, ಅಲ್ವಾ?

ಒಂದು ಮಾತು ನಡುವೆ. ಮೈಕ್ರೋವೇವ್ ಎಂದರೆ ನಮಗೆ ನಿನ್ನೆಯ ಸಾರು ಬಿಸಿ ಮಾಡುವ ಡಬ್ಬಿ. ಆದರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಮೈಕ್ರೋವೇವ್ ಸಂಶೋಧನೆಯ ಲ್ಯಾಬ್ ಕಟ್ಟಿದವರಲ್ಲಿ ಒಬ್ಬರು ರಾಜೇಶ್ವರಿ ಚಟರ್ಜಿ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಕರೆಯುತ್ತಾರೆ. ಆಂಟೆನಾ, ಮೈಕ್ರೋವೇವ್ ಅವರ ಪಾಠ. ನಮ್ಮ ಅಡುಗೆಮನೆಗೆ ಆ ಡಬ್ಬಿ ಬರುವ ಎಷ್ಟೋ ಮೊದಲೇ ಒಬ್ಬ ಹೆಂಗಸು ಅದರ ಅಲೆಗಳ ಲೆಕ್ಕ ಮಾಡುತ್ತಿದ್ದಳು. ನನ್ನ ಲ್ಯಾಬಿನ ಗೋಡೆಯಲ್ಲಿ ಎಡಿಸನ್, ಟೆಸ್ಲಾ, ಫ್ಯಾರಡೆ ಪಟ ಇದ್ದವು. ಈಗ ಅವರದ್ದೂ ಇದೆ, ನಾನೇ ಪ್ರಿಂಟ್ ತೆಗೆಸಿ ಹಾಕಿದೆ.

ಈಗ ಕರಾವಳಿಯವರು ಕೇಳುವ ಮುಖ್ಯ ಪ್ರಶ್ನೆ: ಮಸಾಲೆ ಆಗುತ್ತದಾ? ಆಗುವುದಿಲ್ಲ. ನಮ್ಮಲ್ಲಿ ದಿನಾ ಬೇಕಾದದ್ದು ಅರ್ಧ ತೆಂಗಿನಕಾಯಿ, ಏಳೆಂಟು ಒಣಮೆಣಸು, ಕೊತ್ತಂಬರಿ, ಹುಳಿ. ಬಂಗುಡೆ ಗಸಿಗೆ ಅಷ್ಟೇ ಸಾಕು. ಅಷ್ಟನ್ನು ಈ ಡ್ರಮ್ಮಿಗೆ ಹಾಕಿದರೆ ಗೋಡೆಗೆ ಹಾರಿ ಅಂಟಿಕೊಳ್ಳುತ್ತದೆ, ಕಲ್ಲು ಖಾಲಿ ತಿರುಗುತ್ತದೆ. ವಾರಕ್ಕೆ ಒಂದು ಸಲ ಇಡ್ಲಿ ಹಿಟ್ಟು ಅರೆಯುವ ಮನೆಯನ್ನು ನೆನೆದು ಮಾಡಿದ ಮಿಷನ್ ಇದು. ಪತ್ರೊಡೆಗೆ ಅಕ್ಕಿ ಮಸಾಲೆ ಒಟ್ಟಿಗೆ ತರಿ ತರಿ ಅರೆಯಲಿಕ್ಕೆ ಮಾತ್ರ ಬಹಳ ಒಳ್ಳೆಯದು. ಮಳೆಗಾಲದ ಆಟಿ ತಿಂಗಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ನೀರುದೋಸೆಗೆ ಬೆಳ್ತಿಗೆ ಅಕ್ಕಿಯನ್ನು ಇದರಲ್ಲಿ ಅರೆದರೆ ನುಣ್ಣಗಾಗುತ್ತದೆ, ಆದರೆ ಆ ನೀರು ಹಿಟ್ಟಿಗೋಸ್ಕರ ಇಷ್ಟೆಲ್ಲ ತೊಳೆಯುವವರು ಯಾರು? ಮಿಕ್ಸಿ ಸಾಕು.

ಮಿಕ್ಸಿ ಅಂದಾಗ ಅದರ ಹುಟ್ಟಿನ ಕತೆ ಹೇಳಬೇಕು. 1960ರ ದಶಕ. ಮಾಧುರಿ ಮಾಥುರ್ ಎಂಬವರ ಮನೆಯ ಬ್ರೌನ್ ಕಂಪನಿಯ ಮಿಕ್ಸರ್ ಕೆಟ್ಟು ಹೋಯಿತು. ಜರ್ಮನಿಯವರು ಹಣ್ಣಿನ ರಸ, ಕೇಕಿನ ಹಿಟ್ಟು ನೋಡಿ ಮಾಡಿದ್ದು. ನಮ್ಮ ಒಣಮೆಣಸು, ಉದ್ದು, ಅರಸಿನ ಅದಕ್ಕೆ ಹೇಗೆ ತಡೆಯಬೇಕು? ಗಂಡ ಸತ್ಯಪ್ರಕಾಶ್ ಮಾಥುರ್ ಸೀಮೆನ್ಸ್‌ನಲ್ಲಿ ಎಂಜಿನಿಯರ್. ನಮ್ಮ ಅಡುಗೆಗೆ ತಕ್ಕ ಬಲವಾದ ಮೋಟಾರು ಹಾಕಿ ಹೊಸದೇ ಮಾಡಿದರು. ಅದು ಸುಮೀತ್ ಮಿಕ್ಸಿ. ನಮ್ಮ ಅಮ್ಮಂದಿರಿಗೆ ಮಿಕ್ಸಿ ಎಂದರೇ ಸುಮೀತ್. ಮೋಟಾರು ಗಂಡನದ್ದು, ಒಪ್ಪಿದೆ. ಆದರೆ ಮೋಟಾರಿಗೆ ಎಷ್ಟು ಲೋಡ್ (ಕೆಲಸದ ಭಾರ) ಬರುತ್ತದೆ, ಜಾರ್ ಎಷ್ಟು ಆಳ ಬೇಕು, ಒಣಗಿದ್ದಕ್ಕೆ ಎಂತ ಬ್ಲೇಡು, ಒದ್ದೆಗೆ ಎಂತ ಬ್ಲೇಡು, ಇದು ಗೊತ್ತಿದ್ದದ್ದು ಅಡುಗೆ ಮಾಡುವವರಿಗೆ. ನಾನು ಮಕ್ಕಳಿಗೆ ಲೋಡ್ ಟೆಸ್ಟ್ ಕಲಿಸುವಾಗ ಈ ಕತೆ ಹೇಳುತ್ತೇನೆ. ಲೋಡ್ ಗೊತ್ತಿಲ್ಲದೆ ಮೋಟಾರ್ ಆರಿಸುವ ಎಂಜಿನಿಯರ್ ಇಲ್ಲ. ಲೋಡ್ ಹೇಳಿದವಳ ಹೆಸರು ಮಾತ್ರ ನೇಮ್‌ಪ್ಲೇಟಿನಲ್ಲಿ ಇರುವುದಿಲ್ಲ.

ಗ್ರೈಂಡರಿನ ಊರು ಕೊಯಮತ್ತೂರು. ಅಲ್ಲಿ 1955ರಲ್ಲಿ ಪಿ. ಸಭಾಪತಿ ಎಂಬವರು ಮೊದಲ ಮೋಟಾರ್ ಗ್ರೈಂಡರ್ ಮಾಡಿದರು ಎನ್ನುತ್ತಾರೆ. ಕೊಯಮತ್ತೂರು ಗ್ರೈಂಡರಿಗೆ ಈಗ ಜಿಐ ಟ್ಯಾಗ್ (ಇಂಥ ಊರಿನದ್ದೇ ಎಂಬ ಸರ್ಕಾರದ ಗುರುತು) ಕೂಡ ಇದೆ, ನಮ್ಮ ಉಡುಪಿ ಮಲ್ಲಿಗೆಗೆ, ಮಟ್ಟು ಗುಳ್ಳಕ್ಕೆ ಇರುವ ಹಾಗೆ. ಮೊದಲು ಬಂದವು ದೊಡ್ಡ ದೊಡ್ಡವು. ನಾವು ಸಣ್ಣವರಿದ್ದಾಗ ಗ್ರೈಂಡರ್ ನೋಡಿದ್ದು ಹೋಟೆಲಿನ ಹಿಂಬಾಗಿಲಿನಲ್ಲಿ. ಮನೆಯಲ್ಲಿ ಅಮ್ಮ ಇನ್ನೂ ಕಲ್ಲಿನ ಮುಂದೆ ಕೂತಿದ್ದಳು.

ಇದನ್ನೇ ನಾನು ಜಾಸ್ತಿ ಯೋಚನೆ ಮಾಡಿದ್ದು. ಉಡುಪಿ ಹೋಟೆಲು ಅಂತ ಊರೂರಲ್ಲಿ ಹೆಸರು. ಮುಂಬಯಿ, ಮದರಾಸು, ಬೆಂಗಳೂರಿಗೆ ಹೋದ ನಮ್ಮ ಕಡೆಯ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದು, ಹಿಟ್ಟು ರುಬ್ಬಿ ಮೇಲೆ ಬಂದವರು. ಅಲ್ಲಿ ರುಬ್ಬುವವರು ಗಂಡಸರೇ. ಅದೇ ಉದ್ದು, ಅದೇ ಅಕ್ಕಿ, ಅದೇ ಕಲ್ಲು. ಹೋಟೆಲಿನಲ್ಲಿ ಅದು ಸಂಬಳದ ಕೆಲಸ, ಮನೆಯಲ್ಲಿ ಅದು ಹೆಂಗಸಿನ ಕೆಲಸ. ಸಂಬಳ ಕೊಡುವ ಕಡೆ ಯಜಮಾನ ಲೆಕ್ಕ ಹಾಕುತ್ತಾನೆ: ಇಬ್ಬರು ಆಳು, ದಿನಕ್ಕೆ ಇಷ್ಟು, ತಿಂಗಳಿಗೆ ಇಷ್ಟು, ಮಿಷನ್ ತಂದರೆ ವರ್ಷದಲ್ಲಿ ದುಡ್ಡು ವಾಪಸ್. ಹಾಗೆ ಮಿಷನ್ ಬರುತ್ತದೆ. ಅಮ್ಮನ ಒಂದು ಗಂಟೆಗೆ ಬೆಲೆ ಇಲ್ಲದ ಮೇಲೆ ಅದನ್ನು ಉಳಿಸಲು ಯಾರು ದುಡ್ಡು ಹಾಕುತ್ತಾರೆ?

ನಮ್ಮಲ್ಲಿ ಮಾತ್ರ ಹೀಗೆ ಅಂತ ಅಲ್ಲ. ಪಾತ್ರೆ ತೊಳೆಯುವ ಮಿಷನ್ನಿಗೆ ಅಮೆರಿಕದ ಜೋಸೆಫಿನ್ ಕೊಕ್ರೇನ್ ಎಂಬಾಕೆ 1886ರಲ್ಲಿ ಪೇಟೆಂಟ್ ತೆಗೆದುಕೊಂಡಳು. 1893ರ ಷಿಕಾಗೋ ವಸ್ತುಪ್ರದರ್ಶನದಲ್ಲಿ ಅದನ್ನು ತೋರಿಸಿದಳು. ಕೊಂಡವರು ಯಾರು? ಹೋಟೆಲುಗಳು, ರೆಸ್ಟೋರೆಂಟುಗಳು. ಮನೆಗಳಿಗೆ ಅದು ಇಳಿದು ಬರಲು ಇನ್ನೂ ಅರ್ಧ ಶತಮಾನದ ಮೇಲೆ ಬೇಕಾಯಿತು. ಹೆಂಗಸೇ ಕಂಡುಹಿಡಿದದ್ದಾದರೂ ಮೊದಲು ಹೋದದ್ದು ಸಂಬಳ ಕೊಡುವ ಕಡೆಗೆ.

ಸದ್ದಿನ ಬಗ್ಗೆ ಒಂದೆರಡು ಸಾಲು. ಈ ಗ್ರೈಂಡರ್ ಮಿಕ್ಸಿಯಷ್ಟು ಕಿರುಚುವುದಿಲ್ಲ, ಆದರೆ ಗರ ಗರ ಎಂದು ಮುಕ್ಕಾಲು ಗಂಟೆ. ಅತ್ತೆಯ ಧಾರಾವಾಹಿಯ ಹೊತ್ತಿಗೆ ಹಾಕುವ ಹಾಗಿಲ್ಲ. ತಂಗಿ ಇದಕ್ಕೂ ಒಂದು ಕತೆ ತೆಗೆದಳು. ಅಮೆರಿಕದಲ್ಲಿ ಒಂದು ಕಾಲಕ್ಕೆ ಗ್ಯಾಸಿನಲ್ಲಿ ಓಡುವ ಫ್ರಿಜ್ ಇತ್ತು. ಅದರಲ್ಲಿ ತಿರುಗುವ ಭಾಗ ಇಲ್ಲ, ಸದ್ದೂ ಇಲ್ಲ. ಆದರೆ ಜನರಲ್ ಎಲೆಕ್ಟ್ರಿಕ್‌ನಂಥ ದೊಡ್ಡ ಕಂಪನಿಗಳ ದುಡ್ಡು ಕರೆಂಟಿನ ಫ್ರಿಜ್ಜಿನ ಹಿಂದೆ ಇತ್ತು, ಅದು ಗೆದ್ದಿತು. ನಮ್ಮ ಫ್ರಿಜ್ಜು ರಾತ್ರಿಯಿಡೀ ಗುಂಯ್ ಅನ್ನುವುದು ಹಾಗೆ. ಇದನ್ನು ಬರೆದವರು ರೂತ್ ಶ್ವಾರ್ಟ್ಜ್ ಕೋವನ್ ಎಂಬ ಇತಿಹಾಸಕಾರ್ತಿ. ಒಳ್ಳೆಯ ವಸ್ತುವೇ ಅಂಗಡಿಗೆ ಬರುತ್ತದೆ ಎಂದು ನಂಬಿದ್ದ ನನ್ನ ಎಂಜಿನಿಯರಿಂಗ್ ತಲೆಗೆ ಇದು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಅದೇ ಕೋವನ್ 1983ರ ಪುಸ್ತಕದಲ್ಲಿ ಇನ್ನೊಂದು ಮಾತು ಹೇಳಿದ್ದಾರೆ. ಮನೆಗೆ ಬಂದ ಯಂತ್ರಗಳು ಮೊದಲು ಕಡಿಮೆ ಮಾಡಿದ್ದು ಗಂಡಸರ, ಮಕ್ಕಳ ಮನೆಗೆಲಸವನ್ನು. ಕಟ್ಟಿಗೆ ಒಡೆಯುವುದು ಗಂಡಸಿನದ್ದಿತ್ತು, ಹೊಸ ಒಲೆ ಬಂತು, ಅವನ ಕೆಲಸ ಹೋಯಿತು, ಅವನು ಹೊರಗೆ ದುಡಿಯಲು ಹೋದ. ಹೆಂಗಸಿನ ಕೆಲಸ ಹೋಗಲಿಲ್ಲ, ಮಟ್ಟ ಏರಿತು ಅಷ್ಟೇ. ದಿನಾ ಒಂದೇ ಗಂಜಿ ಆಗುತ್ತಿದ್ದಲ್ಲಿ ಬಗೆಬಗೆಯ ಅಡುಗೆ. ಜೋಆನ್ ವಾನೆಕ್ ಎಂಬ ಸಮಾಜಶಾಸ್ತ್ರಜ್ಞೆ 1974ರಲ್ಲಿ ಲೆಕ್ಕ ತೆಗೆದು ತೋರಿಸಿದರು: ಹೊರಗೆ ದುಡಿಯದ ಅಮೆರಿಕದ ಗೃಹಿಣಿಯರು 1920ರ ದಶಕದಲ್ಲಿ ವಾರಕ್ಕೆ 52 ಗಂಟೆ ಮನೆಗೆಲಸ ಮಾಡುತ್ತಿದ್ದರು. ಅಷ್ಟೆಲ್ಲ ಮಿಷನ್ ಬಂದ ಮೇಲೆ, 1960ರ ದಶಕದಲ್ಲಿ, 55 ಗಂಟೆ.

ನಮ್ಮ ಮನೆಯಲ್ಲಿ ಏನಾಯಿತು ನೋಡಿ. ಗ್ರೈಂಡರ್ ಬರುವ ಮೊದಲು ಇಡ್ಲಿ ಭಾನುವಾರಕ್ಕೆ. ಉಳಿದ ದಿನ ಅವಲಕ್ಕಿ, ಸಜ್ಜಿಗೆ, ಗಂಜಿ. ಈಗ ಇವರಿಗೆ ಬುಧವಾರ ಉದ್ದಿನ ದೋಸೆ ಬೇಕು. ಮಗನಿಗೆ ಸೆಟ್ ದೋಸೆ. ನೆಂಟರು ಬರುತ್ತಾರೆಂದರೆ ‘ಹೇಗೂ ಗ್ರೈಂಡರ್ ಉಂಟಲ್ಲ, ಮೂಡೆ ಮಾಡುವ’. ಕೇದಗೆ ಎಲೆ ಮೂಡೆ ಕಟ್ಟುವುದನ್ನು ಮಿಷನ್ ಮಾಡುವುದಿಲ್ಲ ಅಂತ ಯಾರಿಗೂ ನೆನಪಿಲ್ಲ. ಅರೆಯುವ ಹೊತ್ತು ಉಳಿಯಿತು ನಿಜ. ಹೆರೆಯುವುದು, ನೆನೆಸುವುದು, ಕಟ್ಟುವುದು, ಬೇಯಿಸುವುದು, ತೊಳೆಯುವುದು ಜಾಸ್ತಿಯಾಯಿತು. ನಿಜ ಹೇಳಬೇಕೆಂದರೆ ಕೆಲಸ ಉಳಿಸಿದ್ದು ಗ್ರೈಂಡರಿಗಿಂತ ಫ್ರಿಜ್ಜು. ಒಂದು ಸಲ ಅರೆದದ್ದು ಮೂರು ದಿನಕ್ಕೆ ಬರುತ್ತದೆ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿದೆ. ಆರು ವರ್ಷದ ಮೇಲಿನವರಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಮಾಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 88 ನಿಮಿಷ. 2019ರಲ್ಲಿ ಹೆಂಗಸರದ್ದು 299 ಇತ್ತು. ಐದು ವರ್ಷದಲ್ಲಿ ಹತ್ತು ನಿಮಿಷ ಕಡಿಮೆ. ಇವರಿಗೆ ತೋರಿಸಿದೆ. ‘ಗಂಡಸರದ್ದು 88 ಯಾರಪ್ಪ ಮಾಡುವುದು?’ ಎಂದರು. ಆಮೇಲೆ ನಾಚಿಕೆಯಾಯಿತೋ ಏನೋ, ಶನಿವಾರದ ಗ್ರೈಂಡರ್ ಈಗ ಅವರದ್ದು. ಅರೆಯುತ್ತಾರೆ. ತೊಳೆಯುವುದಕ್ಕೆ ಇನ್ನೂ ಇಳಿದಿಲ್ಲ.

ಜೊತೆಗೆ ಫ್ರೀ ಬಂದ ಎರಡು ಸಾಮಾನು: ಚಪಾತಿ ಹಿಟ್ಟು ಕಲಸುವುದು ಮತ್ತು ತೆಂಗಿನಕಾಯಿ ಹೆರೆಯುವುದು. ಕಲಸುವುದು ತಕ್ಕಮಟ್ಟಿಗೆ ಇದೆ. ಹೆರೆಯುವುದನ್ನು ಕೂರಿಸಬೇಕಾದರೆ ಕಲ್ಲಿನ ಸೆಟ್ ತೆಗೆಯಬೇಕು, ಆಮೇಲೆ ಮತ್ತೆ ಹಾಕಬೇಕು. ಅಷ್ಟರಲ್ಲಿ ಅತ್ತೆ ಹೆರೆಮಣೆಯಲ್ಲಿ ಎರಡು ಕಾಯಿ ಮುಗಿಸಿರುತ್ತಾರೆ. ಅದೂ ಅಲ್ಲದೆ ತಿರುಗುವ ಬ್ಲೇಡಿಗೆ ಕಾಯಿಯ ಕಡಿ ಒತ್ತಿ ಹಿಡಿಯಬೇಕು, ನಡುವೆ ತಡೆ ಏನೂ ಇಲ್ಲ. ನನ್ನ ಲ್ಯಾಬಿನಲ್ಲಿ ಇಂಥದ್ದನ್ನು ಗಾರ್ಡ್ ಇಲ್ಲದೆ ಓಡಿಸಲು ಬಿಡುವುದಿಲ್ಲ. ನಾವು ಅದನ್ನು ಅಟ್ಟಕ್ಕೆ ಹಾಕಿದ್ದೇವೆ.

ಕೊನೆಗೆ ಲೀಲಕ್ಕನ ಅಭಿಪ್ರಾಯ. ಬೆಳಿಗ್ಗೆ ಪಾತ್ರೆಗೆ, ಒರೆಸಲಿಕ್ಕೆ ಬರುವವರು. ವಾರದ ನಡುವೆ ಆ ಡ್ರಮ್ಮನ್ನು, ಕಲ್ಲನ್ನು ತೊಳೆಯುವುದು ಹೆಚ್ಚಾಗಿ ಅವರೇ. ಮೊದಲು ವರ್ಷಗಟ್ಟಲೆ ಬೀಡಿ ಕಟ್ಟುತ್ತಿದ್ದರು, ಬಲಗೈ ಮಣಿಕಟ್ಟು ಆಗಲೇ ಹೋಗಿದೆ. ನಾನು ಮಿಷನ್ ಹೇಗಿದೆ ಎಂದು ಕೇಳಿದಾಗ ಅವರಿಗೆ ಆಶ್ಚರ್ಯ. ‘ನನ್ನನ್ನು ಯಾಕೆ ಕೇಳುವುದು, ತಿನ್ನುವುದು ನೀವಲ್ವಾ?’ ಎಂದರು. ಆಮೇಲೆ ಒಂದೊಂದೇ ಹೇಳಿದರು. ಕಲ್ಲಿನ ಹಿಡಿಕೆಯ ಸ್ಕ್ರೂ ಒದ್ದೆ ಕೈಗೆ ತಿರುಗುವುದಿಲ್ಲ, ಬಟ್ಟೆ ಸುತ್ತಿ ತಿರುಗಿಸಬೇಕು. ಹಿಟ್ಟು ಒಣಗುವ ಮೊದಲು ನೀರು ಹಾಕಿ ಇಟ್ಟರೆ ಅರ್ಧ ಕೆಲಸ ಉಳಿಯುತ್ತದೆ, ಆದರೆ ನೀವು ರಾತ್ರಿ ಹಾಕಿ ಇಡುವುದಿಲ್ಲ. ಇನ್ನೊಂದು ಮನೆಯಲ್ಲಿ ಎರಡು ಉದ್ದ ಕಲ್ಲಿನ ಗ್ರೈಂಡರ್ ಇದೆ, ಅದು ತೊಳೆಯಲು ಸುಲಭ, ಸಂದು ಕಡಿಮೆ. ಇಷ್ಟು ವಿಷಯ ನನಗೆ ಯಾವ ಶೋರೂಮಿನಲ್ಲೂ ಸಿಗಲಿಲ್ಲ. ನಾಲ್ಕು ಮನೆಯ ನಾಲ್ಕು ಬಗೆಯ ಗ್ರೈಂಡರ್ ತೊಳೆದವರು ಈ ಬೀದಿಯಲ್ಲಿ ಅವರೊಬ್ಬರೇ.

ಡೊನ್ನಾ ಹಾರವೇ ಎಂಬ ವಿಜ್ಞಾನದ ಚಿಂತಕಿ 1988ರ ಒಂದು ಲೇಖನದಲ್ಲಿ, ಎಲ್ಲಿಯೂ ನಿಲ್ಲದೆ ಎಲ್ಲವನ್ನೂ ನೋಡುತ್ತೇನೆ ಎನ್ನುವವರನ್ನು ನಂಬಬೇಡಿ, ಪ್ರತಿ ಅರಿವೂ ಒಂದು ಜಾಗದಲ್ಲಿ ನಿಂತೇ ಬರುತ್ತದೆ ಎಂಬ ಅರ್ಥದ ಮಾತು ಹೇಳುತ್ತಾರೆ. ತಂಗಿ ಅದನ್ನು ನನಗೆ ಎಷ್ಟೋ ಸಲ ವಿವರಿಸಿದ್ದಳು, ತಲೆಗೆ ಹೋಗಿರಲಿಲ್ಲ. ಲೀಲಕ್ಕ ಸಿಂಕಿನ ಮುಂದೆ ನಿಂತು ಸ್ಕ್ರೂ ತೋರಿಸಿದಾಗ ಹೋಯಿತು. ಹೆಂಗಸರ ಕಣ್ಣಿನಿಂದ ನೋಡುತ್ತೇನೆ ಎಂದು ಬರೆಯಲು ಕೂತ ನನಗೂ ಸಿಂಕಿನ ಆ ಮೂಲೆ ಅರ್ಧವೇ ಕಾಣುತ್ತಿತ್ತು. ನಾನು ತೊಳೆಯುವುದು ಭಾನುವಾರ, ಬಿಸಿನೀರಿನಲ್ಲಿ. ಅವರು ತೊಳೆಯುವುದು ರಾತ್ರಿಯಿಡೀ ಒಣಗಿದ್ದನ್ನು.

ಹಾಗಾದರೆ ತೆಗೆದುಕೊಳ್ಳಬಹುದಾ? ನಾಲ್ಕು ಜನರ ಮೇಲಿನ ಮನೆ, ವಾರಕ್ಕೆ ಎರಡು ಸಲ ಇಡ್ಲಿ ದೋಸೆ, ಅಡುಗೆಕಟ್ಟೆಯಿಂದ ಕೆಳಗೆ ಒಂದು ಗಟ್ಟಿ ಸ್ಟೂಲ್ ಇಡಲು ಜಾಗ ಇದ್ದರೆ ಧಾರಾಳ ತೆಗೆದುಕೊಳ್ಳಿ. ನಾನು ಅರೆಯುವುದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ, ತೊಳೆಯುವುದಕ್ಕೆ ಎರಡು. ಇಬ್ಬರೇ ಇರುವವರು ಬೀದಿಯ ಕೊನೆಯಲ್ಲಿ ಸಿಗುವ ಹಿಟ್ಟಿನ ಪ್ಯಾಕೆಟ್ ತನ್ನಿ. ನಮ್ಮ ಕಡೆ ಎಷ್ಟೋ ಹೆಂಗಸರು ಮನೆಯಲ್ಲೇ ಅರೆದು ಮಾರುತ್ತಾರೆ, ಅವರಿಗಾದರೂ ರುಬ್ಬಿದ್ದಕ್ಕೆ ದುಡ್ಡು ಸಿಗುತ್ತದೆ. ಅಂಗಡಿಗೆ ಹೋದಾಗ ನೀರು ಹಾಕಿ ತೋರಿಸಿದರೆ ನೋಡಬೇಡಿ. ಕಲ್ಲು ಬಿಚ್ಚಿ ನೋಡಿ, ಕೈ ಒದ್ದೆ ಮಾಡಿಕೊಂಡು ಸ್ಕ್ರೂ ತಿರುಗಿಸಿ ನೋಡಿ, ನಡುವಿನ ಕಂಬದ ಬುಡಕ್ಕೆ ಬೆರಳು ಹಾಕಿ ನೋಡಿ. ಮನೆಯಲ್ಲಿ ತೊಳೆಯುವವರು ಯಾರೋ ಅವರನ್ನೂ ಕರೆದುಕೊಂಡು ಹೋಗಿ.

ಇನ್ನು ಸರ್ವಿಸ್. ಐದು ವರ್ಷ ಮೋಟಾರ್ ವಾರಂಟಿ ಎನ್ನುತ್ತಾರೆ. ಬೆಲ್ಟಿಗೆ, ಅಡಿಯ ಸೀಲಿಗೆ ಅದು ಬರುವುದಿಲ್ಲ, ಮೊದಲು ಹೋಗುವುದು ಅವೇ. ನನ್ನ ಸೀಲ್ ಸೋರಲು ಶುರುವಾದಾಗ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ‘ಮಿಷನ್ ಇಲ್ಲಿಗೆ ತನ್ನಿ ಮೇಡಂ, ಯಜಮಾನ್ರ ಹತ್ರ ಕಳಿಸಿ’ ಎಂದರು. 12 ಕಿಲೋವನ್ನು ಸಿಟಿ ಬಸ್ಸಿನಲ್ಲಿ ಒಯ್ಯುವುದು ಹೇಗೆ ಎಂದರೆ ಉತ್ತರ ಇಲ್ಲ. ಸೀಲ್ ಒಂದನ್ನೇ ತರಿಸಿ ನಾನೇ ಹಾಕಿದೆ, ಅರ್ಧ ಗಂಟೆಯ ಕೆಲಸ, ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಎಲ್ಲರಿಗೂ ಆಗಲಿಕ್ಕಿಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲೇ ಮನೆಗೆ ಬಂದು ರಿಪೇರಿ ಮಾಡುತ್ತೇವೆ ಎಂದು ಬಿಲ್ಲಿನ ಮೇಲೆ ಬರೆಸಿ ಅಂಗಡಿಯ ಮೊಹರು ಹಾಕಿಸಿಕೊಳ್ಳಿ, ಒಂದು ಬೆಲ್ಟು ಜಾಸ್ತಿ ಕೇಳಿ ತೆಗೆದುಕೊಳ್ಳಿ. ಬಿಲ್ ನಿಮ್ಮ ಹೆಸರಿನಲ್ಲೇ ಇರಲಿ, ಫೋನ್ ನಂಬರೂ ನಿಮ್ಮದೇ. ಇಲ್ಲದಿದ್ದರೆ ಸರ್ವಿಸಿನವರು ಬರುವ ದಿನದ ಮೆಸೇಜು ಆಫೀಸಿನಲ್ಲಿರುವ ಯಜಮಾನರಿಗೆ ಹೋಗುತ್ತದೆ.